ಮ್ಯಾನುಯೆಲ್ ಗಾರ್ಸಿಯಾ: ರಂಗ, ಪಾಠ, ಪುಟ್ಟ ಕನ್ನಡಿ – ಪದೇ ಪದೇ ಕೇಳುವ ಪ್ರಶ್ನೆಗಳು

ಗಂಟಲು ಕಟ್ಟಿದೆ ಅಂತ ಇಎನ್‌ಟಿ ಡಾಕ್ಟರ ಹತ್ತಿರ ಹೋದವರಿಗೆ ಆ ಪುಟ್ಟ ಕನ್ನಡಿ ಗೊತ್ತಿರುತ್ತದೆ. ಉದ್ದನೆಯ ಹಿಡಿ, ತುದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಗಾಜು. ಡಾಕ್ಟರು ಅದನ್ನು ದೀಪದ ಮೇಲೆ ಹಿಡಿದು ಸ್ವಲ್ಪ ಬಿಸಿ ಮಾಡುತ್ತಾರೆ. ಸುಡುತ್ತದೋ ಏನೋ ಅಂತ ತಮ್ಮ ಮುಂಗೈಗೆ ತಾಗಿಸಿ ನೋಡುತ್ತಾರೆ. ಆಮೇಲೆ ನಮ್ಮ ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಮುಂದಕ್ಕೆ ಎಳೆದು, "ಈ... ಅನ್ನಿ" ಅನ್ನುತ್ತಾರೆ. ಹಾಡುವಾಗ ಧ್ವನಿತಂತುಗಳು ಹೇಗೆ ಕೆಲಸ ಮಾಡುತ್ತವೆ ಅಂತ ಇಂಥ ಕನ್ನಡಿಯಲ್ಲಿ ಕಂಡು ಮೊದಲು ಬರೆದಿಟ್ಟವರು ಡಾಕ್ಟರಲ್ಲ, ಹಾಡು ಕಲಿಸುವ ಮೇಷ್ಟ್ರು. ಒಂದು ಕಾಲದ ಒಪೆರಾ ಗಾಯಕ ಮ್ಯಾನುಯೆಲ್ ಗಾರ್ಸಿಯಾ.

ನಾನು ಮನೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುತ್ತೇನೆ. ಪಾಠದ ನಡುವೆ ಗಾರ್ಸಿಯಾ ಅವರ ಹೆಸರು ಬರುತ್ತಲೇ ಇರುತ್ತದೆ. ಹಾಗಾಗಿ ಮಕ್ಕಳು, ಅವರ ಅಪ್ಪ ಅಮ್ಮಂದಿರು, ಪರಿಚಯದವರು ಕೇಳುವ ಪ್ರಶ್ನೆಗಳೂ ಜಾಸ್ತಿ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಯಾರು ಈ ಗಾರ್ಸಿಯಾ?

1805ರ ಮಾರ್ಚ್ 17ರಂದು ಸ್ಪೇನಿನಲ್ಲಿ ಹುಟ್ಟಿದವರು. 1906ರ ಜುಲೈ 1ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅಂದರೆ 101 ವರ್ಷದ ತುಂಬು ಬಾಳು. ಅದರಲ್ಲಿ ರಂಗದ ಮೇಲೆ ಹಾಡಿದ್ದು ಕೆಲವೇ ವರ್ಷ. ಕಲಿಸಿದ್ದು ಅರವತ್ತು ವರ್ಷಕ್ಕೂ ಮೇಲೆ.

ಅಪ್ಪನ ಹೆಸರೂ ಮ್ಯಾನುಯೆಲ್ ಗಾರ್ಸಿಯಾ ಅಲ್ವಾ? ಯಾರು ಯಾರು ಅಂತ ಗೊಂದಲ ಆಗುತ್ತದೆ.

ಹೌದು, ಇಬ್ಬರದೂ ಒಂದೇ ಹೆಸರು. ಅಪ್ಪ ಸೆವಿಲ್ ಊರಿನವರು. ಆ ಕಾಲದ ದೊಡ್ಡ ಟೆನರ್, ಅಂದರೆ ಮೇಲಿನ ಸ್ಥಾಯಿಯ ಗಂಡು ದನಿಯ ಗಾಯಕ, ಸಂಗೀತ ರಚನೆಯನ್ನೂ ಮಾಡುತ್ತಿದ್ದರು. ಇಟಲಿಯ ಸಂಗೀತ ರಚನೆಕಾರ ರೊಸ್ಸೀನಿಯ 'ಸೆವಿಲ್ಲಿನ ಕ್ಷೌರಿಕ' ಒಪೆರಾ 1816ರಲ್ಲಿ ರೋಮ್‌ನಲ್ಲಿ ಮೊದಲ ಸಲ ರಂಗಕ್ಕೆ ಬಂದಾಗ, ಅಲ್ಮಾವೀವಾ ಎಂಬ ಕುಲೀನನ ಪಾತ್ರ ಹಾಡಿದ್ದು ಅಪ್ಪ ಗಾರ್ಸಿಯಾ. ಆ ಪಾತ್ರವನ್ನು ರೊಸ್ಸೀನಿ ಬರೆದಿದ್ದೇ ಅವರ ಶಾರೀರವನ್ನು ಮನಸ್ಸಲ್ಲಿಟ್ಟುಕೊಂಡು. ಈ ಪುಟದಲ್ಲಿ ಸುಮ್ನೆ ಗಾರ್ಸಿಯಾ ಅಂದರೆ ಮಗ ಅಂತ ತಿಳಿಯಿರಿ.

ಇಬ್ಬರು ತಂಗಿಯರೂ ಪ್ರಸಿದ್ಧರು. ಮರೀಯಾ ಮಾಲಿಬ್ರಾನ್ ಯುರೋಪಿನ ಕಣ್ಮಣಿಯಾಗಿದ್ದಳು. ಕುದುರೆಯಿಂದ ಬಿದ್ದ ಪೆಟ್ಟು ವಾಸಿಯಾಗದೆ 1836ರಲ್ಲಿ ಮ್ಯಾಂಚೆಸ್ಟರಿನಲ್ಲಿ ತೀರಿಕೊಂಡಾಗ ಅವಳಿಗೆ 28 ವರ್ಷ. ಕಿರಿಯಳು ಪೋಲೀನ್ ವಿಯಾರ್ಡೊ 1910ರವರೆಗೆ ಬದುಕಿದ್ದಳು. ಅವಳೂ ಹಾಡಿದಳು, ಸಂಗೀತ ರಚಿಸಿದಳು, ಕಲಿಸಿದಳು. ಒಂದೇ ಮನೆಯಲ್ಲಿ ಇಷ್ಟು ಕಂಠಗಳು!

ಒಪೆರಾ ಅಂದರೆ ನಮ್ಮ ಕಂಪನಿ ನಾಟಕದ ಹಾಗಾ?

ಕಥೆಯನ್ನು ಹಾಡಿನಲ್ಲೇ ಆಡುವುದು ಅನ್ನುವಷ್ಟರ ಮಟ್ಟಿಗೆ ಹೌದು. ಗಮನಿಸಬೇಕಾದ ವಿಷಯ ಒಂದಿದೆ. ಅಲ್ಲಿ ಮೈಕ್ ಇಲ್ಲ. ಮುಂದೆ ನಲವತ್ತು ಐವತ್ತು ವಾದ್ಯಗಳು ಒಟ್ಟಿಗೆ ನುಡಿಯುತ್ತಿರುತ್ತವೆ. ಅವನ್ನು ದಾಟಿ ಹಾಡುಗಾರನ ದನಿ ಕೊನೆಯ ಸಾಲಿನವರೆಗೆ ಹೋಗಬೇಕು. ಗಂಟಲಿನ ಮೇಲೆ ಬೀಳುವ ಭಾರ ಎಷ್ಟು ಅಂತ ನೀವೇ ಯೋಚಿಸಿ.

ಅವರು ಕಲಿತದ್ದು ಯಾರ ಹತ್ತಿರ?

ಅಪ್ಪನ ಹತ್ತಿರ. ಅಪ್ಪ ಬಹಳ ಕಟ್ಟುನಿಟ್ಟು, ಕೋಪವೂ ಜಾಸ್ತಿ. ಮರೀಯಾ ಪಾಠದಲ್ಲಿ ಅಳುತ್ತಿದ್ದ ಕಥೆಗಳು ಆಗಿನ ಪ್ಯಾರಿಸ್ಸಿನಲ್ಲಿ ಮನೆಮಾತಾಗಿದ್ದವು.

ಮಗನ ಬಗ್ಗೆ ಒಂದು ಪ್ರಸಂಗ ಹೇಳುತ್ತಾರೆ. ಅಪ್ಪ ದಿನವೂ ಬರೀ ಆರೋಹಣ ಹಾಡಿಸುತ್ತಿದ್ದರಂತೆ. ಕೆಳಗಿನಿಂದ ಮೇಲಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ. ಒಂದು ದಿನ ಹುಡುಗನಿಗೆ ತಡೆಯಲಿಕ್ಕೆ ಆಗಲಿಲ್ಲ. "ಒಂದೇ ಒಂದು ಸಲ ಮೇಲಿನಿಂದ ಕೆಳಗೆ ಹಾಡಲಾ?" ಅಂತ ಕೇಳಿಯೇಬಿಟ್ಟರು. ಸರಳೆ ವರಸೆ ಹಾಡಿ ಹಾಡಿ ಬೇಸತ್ತ ಯಾವ ಮಗುವಿಗಾದರೂ ಇದು ಅರ್ಥವಾಗುತ್ತದೆ. ನನ್ನ ಹತ್ತಿರ ಬರುವ ಮಕ್ಕಳಿಗೆ ಈ ಕಥೆ ಅಂದರೆ ಬಲು ಇಷ್ಟ.

ರಂಗದ ಮೇಲೆ ಏನೇನು ಹಾಡಿದರು?

ದೊಡ್ಡ ಪಯಣ ಅಂದರೆ ನ್ಯೂಯಾರ್ಕಿನದು. 1825ರಲ್ಲಿ ಅಪ್ಪ ಇಡೀ ಸಂಸಾರವನ್ನು ಹಡಗು ಹತ್ತಿಸಿಕೊಂಡು ಅಟ್ಲಾಂಟಿಕ್ ದಾಟಿದರು. ಅಮೆರಿಕದಲ್ಲಿ ಅಲ್ಲಿಯವರೆಗೆ ಇಟಾಲಿಯನ್ ಒಪೆರಾವನ್ನು ಇಟಾಲಿಯನ್ ಭಾಷೆಯಲ್ಲೇ ಯಾರೂ ಪೂರ್ತಿಯಾಗಿ ಆಡಿ ತೋರಿಸಿರಲಿಲ್ಲ. ನವೆಂಬರ್ 29ರಂದು ಪಾರ್ಕ್ ಥಿಯೇಟರಿನಲ್ಲಿ ಪರದೆ ಎದ್ದಿತು. ಆಡಿದ್ದು ಅದೇ 'ಸೆವಿಲ್ಲಿನ ಕ್ಷೌರಿಕ'. ಅಪ್ಪ ಅಲ್ಮಾವೀವಾ. ಹದಿನೇಳರ ಮರೀಯಾ ನಾಯಕಿ ರೊಸೀನಾ. ಅಮ್ಮ ಹ್ವಕೀನಾ ಮನೆಗೆಲಸದ ಬೆರ್ತಾ. ನಮ್ಮ ಗಾರ್ಸಿಯಾ ಕ್ಷೌರಿಕ ಫಿಗರೋ. ಅವರಿಗಾಗ 20 ವರ್ಷ. ಪೋಲೀನ್ ಇನ್ನೂ ನಾಲ್ಕು ವರ್ಷದ ಕೂಸು.

ಫಿಗರೋ ಹಗುರವಾದ ಪಾತ್ರ ಅಲ್ಲ. ರಂಗಕ್ಕೆ ಕಾಲಿಟ್ಟ ಕೂಡಲೇ ಉಸಿರು ಬಿಡಲೂ ಪುರಸೊತ್ತಿಲ್ಲದ ಹಾಡು. ಮಾತು ಓಡುತ್ತದೆ, ಸ್ವರ ಹಾರುತ್ತದೆ, ಅದರ ಜೊತೆಗೆ ನಗಿಸಲೂಬೇಕು. ಇಪ್ಪತ್ತರ ಎಳೆ ಕಂಠ ಇಂಥದ್ದನ್ನು ವಾರವಾರವೂ ಹೊತ್ತಿತು.

ಮೊಟ್ಸಾರ್ಟನ ಒಪೆರಾಗಳಿಗೆ ಸಾಹಿತ್ಯ ಬರೆದ ಲೊರೆಂಜೊ ದ ಪೊಂಟೆ ಆಗ ನ್ಯೂಯಾರ್ಕಿನಲ್ಲೇ ಇದ್ದರು, ವಯಸ್ಸಾಗಿತ್ತು, ಇಟಾಲಿಯನ್ ಹೇಳಿಕೊಡುತ್ತಿದ್ದರು. ತಾವು ಬರೆದ 'ಡಾನ್ ಜೊವಾನ್ನಿ'ಯನ್ನು 1826ರಲ್ಲಿ ಇದೇ ಗಾರ್ಸಿಯಾ ತಂಡದ ಬಾಯಲ್ಲಿ ಕೇಳಿದರು. ಊರು ಬಿಟ್ಟು ಸಾಗರ ದಾಟಿ ಬಂದ ಮುದುಕನಿಗೆ ತನ್ನ ಮಾತುಗಳೇ ರಂಗದಿಂದ ಎದುರಾದರೆ ಹೇಗಾಗಿರಬೇಡ!

ಹಾಗಾದರೆ ಹಾಡುವುದನ್ನು ಯಾಕೆ ಬಿಟ್ಟರು?

ಧ್ವನಿ ಹೋಯಿತು.

ಯುರೋಪಿಗೆ ವಾಪಸ್ ಬಂದ ಮೇಲೆ ಇಟಲಿಯಲ್ಲಿ ಇನ್ನೊಮ್ಮೆ ಪ್ರಯತ್ನಪಟ್ಟರು. ಪತ್ರಿಕೆಗಳು ಮೆಚ್ಚಲಿಲ್ಲ. ಇಪ್ಪತ್ತೈದು ತುಂಬುವ ಹೊತ್ತಿಗೆ ರಂಗ ಬಿಟ್ಟಿದ್ದರು. ನ್ಯೂಯಾರ್ಕಿನ ಶ್ರಮವೇ ಕಾರಣ ಅಂತ ಅನೇಕರು ಬರೆಯುತ್ತಾರೆ. ಆದರೆ ಗಾರ್ಸಿಯಾ ತಾವೇ ಹೇಳಿದ ಕಾರಣ ಇನ್ನೂ ಹಿಂದಿನದು. ಮುಪ್ಪಿನಲ್ಲಿ ಒಬ್ಬ ಗಂಟಲ ವೈದ್ಯರಿಗೆ ಬರೆದ ಕಾಗದದಲ್ಲಿ ಅದನ್ನು ಮೂರು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ. ಗಂಟಲು ಒಡೆಯುವ ವಯಸ್ಸಿನಲ್ಲಿ ಅಪ್ಪ ನಿಲ್ಲಿಸದೆ ಹಾಡಿದರು, ಏನೂ ಆಗಲಿಲ್ಲ. ತಂಗಿಯರಿಬ್ಬರೂ ಒಂದೊಂದು ವರ್ಷ ಸುಮ್ಮನಿರಬೇಕಾಯಿತು. ನಾನು ಹಾಡುತ್ತಲೇ ಇದ್ದೆ, ನನ್ನ ಧ್ವನಿ ಹಾಳಾಯಿತು.

ಇದನ್ನು ಮೊದಲು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತುಬಿಟ್ಟೆ. ಒಂದೇ ಮನೆ, ಒಂದೇ ಗುರು, ಒಂದೇ ಪಾಠ. ಅಪ್ಪನಿಗೆ ಸರಿಹೋದದ್ದು ಮಗನಿಗೆ ಆಗಿಬರಲಿಲ್ಲ. ಅವರು ಮುಂದೆ ಕಲಿಸಿದ ರೀತಿಯೆಲ್ಲ ಈ ಮೂರು ನಾಲ್ಕು ಸಾಲಿನಿಂದಲೇ ಹುಟ್ಟಿತು ಅಂತ ನನಗೆ ಅನಿಸುತ್ತದೆ.

ಅಪ್ಪನ ಮೇಲೆ ಕೋಪ ಇತ್ತಾ?

ಹಾಗೆ ಕಾಣುವುದಿಲ್ಲ. ಗಾಯನದ ಬಗ್ಗೆ ಬರೆದ ದೊಡ್ಡ ಗ್ರಂಥದ ಮೊದಲಲ್ಲೇ, ಇದು ಅಪ್ಪನ ಪಾಠ, ನಾನು ಅದಕ್ಕೆ ಕ್ರಮ ಹಾಕಿ ಬರೆದಿದ್ದೇನೆ ಅನ್ನುವ ಅರ್ಥದ ಮಾತು ಇದೆ. ಅಪ್ಪ ಕೊಟ್ಟ ವಿದ್ಯೆಯನ್ನು ಇಟ್ಟುಕೊಂಡರು. ಕೊಡುವ ರೀತಿಯನ್ನು ಬದಲಿಸಿದರು.

ಡಾಕ್ಟರಿಕೆ ಓದಿದ್ದರಾ?

ಡಿಗ್ರಿ ಮಾಡಲಿಲ್ಲ. 1830ರಲ್ಲಿ ಫ್ರೆಂಚ್ ಸೈನ್ಯದ ಜೊತೆ ಅಲ್ಜೀರಿಯಾಕ್ಕೆ ಹೋಗಿಬಂದರು. ಆಮೇಲೆ ಪ್ಯಾರಿಸ್ಸಿನ ಸೈನಿಕ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿ, ಗಂಟಲು ಮತ್ತು ಧ್ವನಿಪೆಟ್ಟಿಗೆಯ ರಚನೆಯನ್ನು ಹತ್ತಿರದಿಂದ ಕಲಿತರು. ತನ್ನ ಗಂಟಲಿಗೆ ಏನಾಯಿತು ಅಂತ ತಿಳಿಯುವ ಹಟ ಅದರಲ್ಲಿ ಇದ್ದೇ ಇರಬೇಕು. 1840ರಲ್ಲಿ ಮನುಷ್ಯನ ಧ್ವನಿಯ ಬಗ್ಗೆ ಒಂದು ಪ್ರಬಂಧವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದರು. 1862ರಲ್ಲಿ ಆಗಿನ ಜರ್ಮನ್ ನಾಡಿನ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಅದೂ ವೈದ್ಯಶಾಸ್ತ್ರದಲ್ಲಿ!

ಜೆನ್ನಿ ಲಿಂಡ್‌ಗೆ ಅವರು ಏನು ಹೇಳಿಕೊಟ್ಟರು?

ಮೊದಲು ಸುಮ್ಮನಿರುವುದನ್ನು ಹೇಳಿಕೊಟ್ಟರು.

ಜೆನ್ನಿ ಲಿಂಡ್ ಸ್ವೀಡನ್ನಿನ ಹುಡುಗಿ. ಚಿಕ್ಕ ವಯಸ್ಸಿನಿಂದಲೇ ರಂಗದ ಮೇಲಿದ್ದಳು. 20 ವರ್ಷಕ್ಕೇ ಸ್ಟಾಕ್‌ಹೋಮಿನಲ್ಲಿ ಮನೆಮಾತು. ಆದರೆ ಬಿಡುವಿಲ್ಲದೆ ಹಾಡಿ, ದಾರಿ ಸರಿಯಾಗಿ ತಿಳಿಯದೆ ಹಾಡಿ, ಗಂಟಲು ದಣಿದು ಒರಟಾಗಿತ್ತು. 1841ರಲ್ಲಿ ಪ್ಯಾರಿಸ್ಸಿಗೆ ಬಂದು ಗಾರ್ಸಿಯಾ ಮುಂದೆ ಹಾಡಿದಳು. ಮಧ್ಯದಲ್ಲೇ ದನಿ ಕೈಕೊಟ್ಟಿತು. ಗಾರ್ಸಿಯಾ ನೇರವಾಗಿ ಹೇಳಿದರು: ನಿನ್ನಲ್ಲಿ ಈಗ ಧ್ವನಿಯೇ ಉಳಿದಿಲ್ಲ, ನಾನು ಕಲಿಸಿ ಪ್ರಯೋಜನ ಇಲ್ಲ. ಅವಳು ಅತ್ತಳು. ಆಗ ಅವರು ಒಂದು ದಾರಿ ಹೇಳಿದರು. ಆರು ವಾರ ಹಾಡಬೇಡ. ಮಾತೂ ಆದಷ್ಟು ಕಡಿಮೆ ಇರಲಿ. ಆಮೇಲೆ ಬಾ, ನೋಡೋಣ.

ಯೋಚಿಸಿ. ಇಪ್ಪತ್ತರ ಹುಡುಗಿ, ಗೊತ್ತಿಲ್ಲದ ಊರು, ಹಾಡೇ ಬದುಕು. ಅವಳು ಆ ಮಾತನ್ನು ಪಾಲಿಸಿದಳು. ಆರು ವಾರ ಕಳೆದು ಬಂದಾಗ ದನಿ ಸ್ವಲ್ಪ ಚೇತರಿಸಿಕೊಂಡಿತ್ತು. ವಾರಕ್ಕೆ ಎರಡು ಪಾಠ ಶುರುವಾಯಿತು. ಊರಿನ ಗೆಳತಿಗೆ ಬರೆದ ಕಾಗದದಲ್ಲಿ ಅವಳು ಪಾಠ ಹೇಗಿತ್ತು ಅಂತ ಹೇಳಿದ್ದಾಳೆ. ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕು. ಸ್ವರಗಳನ್ನು ಮೇಲಕ್ಕೂ ಕೆಳಕ್ಕೂ ನಿಧಾನವಾಗಿ, ಬಹಳ ಎಚ್ಚರದಿಂದ ಹಾಡಬೇಕು. ಎರಡು ಸ್ವರಗಳ ನಡುವೆ ಕಂಪಿಸುವ ಅಭ್ಯಾಸವನ್ನಂತೂ ಭಯಂಕರ ನಿಧಾನವಾಗಿ ಮಾಡಬೇಕು. ಉಸಿರಿನ ವಿಷಯದಲ್ಲಿ ಮೇಷ್ಟ್ರು ಬಹಳ ಗಟ್ಟಿ.

ಮೇಲಕ್ಕೂ ಕೆಳಕ್ಕೂ. ಚಿಕ್ಕಂದಿನಲ್ಲಿ ತಮಗೆ ಸಿಗದಿದ್ದ ಅವರೋಹಣವನ್ನು ಗಾರ್ಸಿಯಾ ಶಿಷ್ಯೆಗೆ ಮೊದಲ ದಿನಗಳಲ್ಲೇ ಕೊಟ್ಟರು.

ಮರುವರ್ಷ ಬೇಸಿಗೆಯ ಹೊತ್ತಿಗೆ ಅವಳ ಪಾಠ ಮುಗಿಯಿತು. 1847ರಲ್ಲಿ ಲಂಡನ್ ಅವಳಿಗೆ ಮರುಳಾಯಿತು. 1850ರಲ್ಲಿ ಅಮೆರಿಕಕ್ಕೆ ಹೋದಾಗ ಬಂದರಿನಲ್ಲೇ ಜನ ಮುಗಿಬಿದ್ದರು. ಕೊನೆಗಾಲದಲ್ಲಿ ಅವಳೂ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಗಾಯನ ಕಲಿಸಿದಳು.

ಅವರ ಪಾಠ ಹೇಗಿರುತ್ತಿತ್ತು? ಒಂದು ಕ್ರಮ ಇತ್ತಾ?

ಇತ್ತು. ಮೊದಲು ಉಸಿರು. ತುಟಿಗಳ ನಡುವೆ ಸಣ್ಣ ಸಂದಿಯಷ್ಟೇ ಬಿಟ್ಟು ನಿಧಾನವಾಗಿ ಗಾಳಿ ಎಳೆದುಕೊಳ್ಳುವುದು, ಅಷ್ಟೇ ನಿಧಾನವಾಗಿ ಬಿಡುವುದು. ನಿಂತ ನಿಲುವು ನೆಟ್ಟಗೆ ಇರಬೇಕು, ಆದರೆ ಬಿಗಿ ಇರಬಾರದು. ಆಮೇಲೆ 'ಆ'ಕಾರದಲ್ಲಿ ಒಂದೇ ಸ್ವರ. ಆ ಸ್ವರ ಶುದ್ಧವಾಗಿ, ನಡುಗದೆ ನಿಲ್ಲಬೇಕು. ಆಮೇಲೆ ಎರಡು ಸ್ವರ, ಮೂರು ಸ್ವರ. ನಂತರ ಸ್ವರದಿಂದ ಸ್ವರಕ್ಕೆ ಜಾರುವುದು, ಪೂರ್ತಿ ಸ್ಥಾಯಿ, ವೇಗದ ವರಸೆಗಳು. ಒಂದು ಸ್ವರವನ್ನು ಮೆಲ್ಲಗೆ ಶುರುಮಾಡಿ, ತುಂಬಿಸಿ, ಮತ್ತೆ ಮೆಲ್ಲಗೆ ಇಳಿಸುವ ಅಭ್ಯಾಸವೊಂದಿದೆ, ಇಟಾಲಿಯನ್ನರು ಮೆಸ್ಸಾ ದಿ ವೋಚೆ ಅನ್ನುತ್ತಾರೆ. ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಅದನ್ನು ಹೊಸಬರಿಗೆ ಕೊಡಲೇಬಾರದು ಅಂತ ಗಾರ್ಸಿಯಾ ಹೇಳುತ್ತಿದ್ದರು.

ಅಭ್ಯಾಸದ ಹೊತ್ತನ್ನೂ ಅವರು ಅಳೆದು ಕೊಡುತ್ತಿದ್ದರು. ಶುರುವಿನಲ್ಲಿ ಒಂದು ಸಲಕ್ಕೆ ಕೆಲವೇ ನಿಮಿಷ. ನಡುವೆ ದೊಡ್ಡ ಬಿಡುವು. ತಿಂಗಳು ಕಳೆದಂತೆ ಮೆಲ್ಲಗೆ ಹೆಚ್ಚಿಸುವುದು. ಗಂಟೆಗಟ್ಟಲೆ ಒಂದೇ ಸಮನೆ ಹಾಡುವುದು ಸಾಧನೆ ಅಂತ ನಾವು ತಿಳಿದುಕೊಂಡಿರುತ್ತೇವೆ. ಗಂಟಲು ಮಾಂಸ, ಕಬ್ಬಿಣ ಅಲ್ಲ.

ಎದೆಯ ಧ್ವನಿ, ತಲೆಯ ಧ್ವನಿ ಅಂತಾರಲ್ಲ, ಅದು ಅವರದ್ದಾ?

ಹೆಸರುಗಳು ಅವರಿಗಿಂತ ಹಳೆಯವು. ಅರ್ಥವನ್ನು ಬಿಗಿ ಮಾಡಿದವರು ಅವರು. ಎದೆಗೆ ಅಂಗೈ ಒತ್ತಿಕೊಂಡು, ದೂರದಲ್ಲಿರುವವರನ್ನು ಜೋರಾಗಿ ಕರೆಯಿರಿ. ಅಂಗೈಗೆ ನಡುಕ ತಿಳಿಯುತ್ತದೆ. ಈಗ ಮಗುವಿಗೆ ಜೋಗುಳ ಹಾಡುವ ಹಾಗೆ ಮೇಲಿನ ಸ್ಥಾಯಿಯಲ್ಲಿ ಮೆಲ್ಲಗೆ ಹಾಡಿ. ನಡುಕ ಎದೆಯಲ್ಲಿ ಸಿಗುವುದಿಲ್ಲ. ಧ್ವನಿ ಹುಟ್ಟುವ ಜಾಗ ಎರಡು ಸಲವೂ ಒಂದೇ, ಗಂಟಲು. ಧ್ವನಿತಂತುಗಳು ಕೆಲಸ ಮಾಡುವ ಬಗೆ ಬೇರೆ. ಒಂದೇ ಬಗೆಯಲ್ಲಿ ಹುಟ್ಟುವ ಸ್ವರಗಳ ಸಾಲು ಒಂದು ಗುಂಪು, ಇನ್ನೊಂದು ಬಗೆಯಲ್ಲಿ ಹುಟ್ಟುವುದು ಮತ್ತೊಂದು ಗುಂಪು ಅಂತ ಅವರು ವಿವರಿಸಿದರು. ಧ್ವನಿ ವಿಜ್ಞಾನದವರು ಇವತ್ತಿಗೂ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತಾರೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ದಾಟುವಾಗ ಬಿರುಕು ಕೇಳಿಸಬಾರದು, ಅದಕ್ಕೇ ಅಷ್ಟೆಲ್ಲ ಅಭ್ಯಾಸ.

ಅವರ ಪದ್ಧತಿ ಗಂಟಲಿಗೆ ಕೆಟ್ಟದ್ದು ಅಂತ ಯಾರೋ ಹೇಳಿದರು. ನಿಜವಾ?

ಆ ದೂರು ಹಳೆಯದು. ಕೂ ದ ಗ್ಲೋತ್ ಎಂಬ ಫ್ರೆಂಚ್ ಮಾತಿನಿಂದ ಬಂದದ್ದು. ಪದಕ್ಕೆ ಪದ ನೋಡಿದರೆ ಗಂಟಲ ಸಂದಿಯ ಪೆಟ್ಟು ಅಂತ ಆಗುತ್ತದೆ. ಕೆಲವು ಮೇಷ್ಟ್ರುಗಳು ಅದನ್ನು ನಿಜವಾದ ಪೆಟ್ಟು ಅಂತಲೇ ತಿಳಿದು, ಪ್ರತಿ ಸ್ವರವನ್ನೂ ಗುದ್ದಿ ಶುರುಮಾಡಿಸಿದರು. ಎಷ್ಟೋ ಗಂಟಲು ನೊಂದವು.

ಗಾರ್ಸಿಯಾ ಹೇಳಿದ್ದು ಬೇರೆ. ನೀವೇ ಮಾಡಿ ನೋಡಿ. 'ಆ' ಅನ್ನುವ ಮೊದಲು ಗಾಳಿ ಸೋರಿದರೆ ಅದು 'ಹಾ' ಆಗುತ್ತದೆ. ಸ್ವರ ಮಸುಕು. ಗಂಟಲು ಬಿಗಿದು ಎಸೆದರೆ ಒರಟು ಸದ್ದು. ಇವೆರಡರ ನಡುವೆ ಇನ್ನೊಂದು ಇದೆ. ಧ್ವನಿತಂತುಗಳು ಮೆತ್ತಗೆ ಕೂಡಿಕೊಂಡಿರುತ್ತವೆ, ಉಸಿರು ಬಂದ ಕ್ಷಣಕ್ಕೆ ಸರಿಯಾಗಿ ಸ್ವರ ಹುಟ್ಟುತ್ತದೆ. ಮುಂಚೆಯೂ ಇಲ್ಲ, ತಡವೂ ಇಲ್ಲ. ಸಣ್ಣಗೆ ಕೆಮ್ಮುವಾಗ ಗಂಟಲಲ್ಲಿ ಏನಾಗುತ್ತದೋ ಅದರ ಬಹಳ ನಾಜೂಕಾದ ರೂಪ ಅಂತ ಅವರು ವಿವರಿಸಿದ್ದಾರೆ, ಎದೆಯಿಂದ ನೂಕಬಾರದು ಅಂತಲೂ ಎಚ್ಚರಿಸಿದ್ದಾರೆ. ತಪ್ಪು ಅಭ್ಯಾಸದ್ದಲ್ಲ, ಆ ಹೆಸರಿನದು ಅನ್ನುವುದು ನನ್ನ ಅಭಿಪ್ರಾಯ. ಪೆಟ್ಟು ಎಂಬ ಪದ ಅಲ್ಲಿ ಇರಬಾರದಿತ್ತು.

ಕನ್ನಡಿಯ ಕಥೆ ಹೇಳಿ.

1854ರ ಸೆಪ್ಟೆಂಬರ್. ಅವರಿಗೆ 49 ವರ್ಷ. ಆಗಲೇ ಲಂಡನ್ನಿನಲ್ಲಿ ನೆಲೆಸಿದ್ದರು, ಪ್ಯಾರಿಸ್ಸಿಗೆ ರಜೆಗೆಂದು ಬಂದಿದ್ದರು. ಪಾಲೆ ರಾಯಲ್ ತೋಟದಲ್ಲಿ ನಡೆಯುತ್ತಿದ್ದಾಗ ಕಿಟಕಿ ಗಾಜಿನ ಮೇಲೆ ಬಿಸಿಲು ಫಳ್ಳನೆ ಮಿನುಗಿತು. ಹಾಡುವಾಗ ಗಂಟಲೊಳಗೆ ಏನಾಗುತ್ತದೆ ಅಂತ ನೋಡಬೇಕು ಅನ್ನುವ ಆಸೆ ವರ್ಷಗಳಿಂದ ಇತ್ತು. ತಕ್ಷಣ ಹೊಳೆಯಿತು: ಎರಡು ಕನ್ನಡಿ ಸಾಕು.

ಸೀದಾ ವೈದ್ಯಕೀಯ ಉಪಕರಣ ಮಾರುವವರ ಹತ್ತಿರ ಹೋದರು. ಉದ್ದ ಹಿಡಿಯ ಪುಟ್ಟ ದಂತವೈದ್ಯರ ಕನ್ನಡಿ ಒಂದು ಇತ್ತು. ಆರು ಫ್ರಾಂಕ್ ಕೊಟ್ಟು ಕೊಂಡರು. ಇನ್ನೊಂದು ಸಾಮಾನ್ಯ ಕೈಗನ್ನಡಿ. ಮನೆಗೆ ಬಂದು ಪುಟ್ಟ ಕನ್ನಡಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿದರು. ಇಲ್ಲದಿದ್ದರೆ ಉಸಿರಿನ ಹಬೆಗೆ ಮಸುಕಾಗುತ್ತದಲ್ಲ, ಅದಕ್ಕೆ. ಕಿರುನಾಲಿಗೆಗೆ ತಾಗುವಂತೆ ಬಾಯೊಳಗೆ ಇಟ್ಟರು. ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬಿಟ್ಟರು. ಧ್ವನಿತಂತುಗಳ ನಡುವಿನ ಸಂದಿ ಅಗಲವಾಗಿ ತೆರೆದು ಕಾಣಿಸಿತು. ಅದರಾಚೆ ಉಸಿರುನಾಳದ ಒಂದು ಭಾಗವೂ ಕಂಡಿತು. ಹಾಡಿದರೆ ತಂತುಗಳು ಹತ್ತಿರ ಬಂದು ಕೂಡುವುದೂ ಕಂಡಿತು.

ಅವರು ನೋಡಿದ್ದು ತಮ್ಮದೇ ಗಂಟಲನ್ನು. ಹಾಳಾಯಿತು ಅಂತ ಇಪ್ಪತ್ತೈದು ವರ್ಷದ ಹಿಂದೆ ಬಿಟ್ಟುಬಂದಿದ್ದ ಅದೇ ಗಂಟಲನ್ನು.

ಕಂಡದ್ದನ್ನು ಬರೆದು 1855ರ ಮಾರ್ಚಿನಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಮುಂದಿಟ್ಟರು. ಗಂಟಲೊಳಗೆ ಇಣುಕಲು ಅವರಿಗಿಂತ ಮೊದಲೂ ಕೆಲವರು ಪ್ರಯತ್ನಿಸಿದ್ದರು. ಇವರ ಉಪಾಯ ಸರಳವಾಗಿತ್ತು, ಬರಹ ಸ್ಪಷ್ಟವಾಗಿತ್ತು. ಎರಡು ಮೂರು ವರ್ಷದಲ್ಲಿ ವಿಯೆನ್ನಾ ಕಡೆಯ ವೈದ್ಯರು ಟ್ಯುರ್ಕ್ ಮತ್ತು ಚೆರ್ಮಾಕ್ ಇದನ್ನು ರೋಗಪರೀಕ್ಷೆಗೆ ಒಗ್ಗಿಸಿದರು. ಹಾಗೆ ಅದು ಜಗತ್ತಿನ ಆಸ್ಪತ್ರೆಗಳಿಗೆ ಬಂತು, ನಮ್ಮೂರಿನ ಕ್ಲಿನಿಕ್ಕಿಗೂ ಬಂತು.

ಪಾಠದಲ್ಲಿ ಮಕ್ಕಳ ಗಂಟಲಿಗೆ ಕನ್ನಡಿ ಹಾಕಿ ನೋಡುತ್ತಿದ್ದರಾ?

ಇಲ್ಲ. ಕನ್ನಡಿ ಅವರ ತಿಳಿವಳಿಕೆಗೆ, ಪಾಠಕ್ಕೆ ಕಿವಿ. ಶಿಷ್ಯನ ಸ್ವರ ಕೇಳಿಯೇ ಒಳಗೆ ಏನು ತಪ್ಪುತ್ತಿದೆ ಅಂತ ಹೇಳುತ್ತಿದ್ದರು. ಹಾಡುವವನ ತಲೆಗೆ ಶರೀರಶಾಸ್ತ್ರ ತುಂಬಿದರೆ ಅವನು ಹಾಡುವುದಾದರೂ ಹೇಗೆ? ಸೈಕಲ್ ಕಲಿಯುವವನಿಗೆ ಚೈನಿನ ಲೆಕ್ಕ ಹೇಳಿದ ಹಾಗೆ ಆಗುತ್ತದೆ.

ಅವರ ಬೇರೆ ಶಿಷ್ಯರು ಯಾರು?

ಇಂಗ್ಲೆಂಡಿನ ಚಾರ್ಲ್ಸ್ ಸ್ಯಾಂಟ್ಲಿ, ಜರ್ಮನಿಯ ಯೂಲಿಯುಸ್ ಸ್ಟಾಕ್‌ಹೌಸೆನ್. ಮತಿಲ್ಡ ಮಾರ್ಕೇಸಿ ಹೆಸರನ್ನು ಬೇರೆಯಾಗಿಯೇ ಹೇಳಬೇಕು. ಗಾರ್ಸಿಯಾ ಒಮ್ಮೆ ಕುದುರೆಯಿಂದ ಬಿದ್ದು ಕೈ ಮುರಿದುಕೊಂಡಾಗ, ತಮ್ಮ ಪಾಠಗಳನ್ನು ನೋಡಿಕೊಳ್ಳಲು ಹೇಳಿದ್ದು ಆಗಿನ್ನೂ ಶಿಷ್ಯೆಯಾಗಿದ್ದ ಅವಳಿಗೆ. ಮುಂದೆ ಅವಳು ದೊಡ್ಡ ಗುರುವಾದಳು. ಆಸ್ಟ್ರೇಲಿಯಾದ ನೆಲ್ಲಿ ಮೆಲ್ಬಾ ಅವಳ ಶಿಷ್ಯೆ. ಮೆಲ್ಬಾಳ ಧ್ವನಿಮುದ್ರಿಕೆಗಳು ಈಗಲೂ ಸಿಗುತ್ತವೆ. ಕೇಳಿ ನೋಡಿ. ಗಾರ್ಸಿಯಾರ ಪಾಠದ ಮೊಮ್ಮಗಳ ದನಿ ಅದು.

ಎಷ್ಟು ವಯಸ್ಸಿನವರೆಗೆ ಕಲಿಸಿದರು?

ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ 1848ರಿಂದ 1895ರವರೆಗೆ, ಅಂದರೆ 90 ವರ್ಷ ಆಗುವವರೆಗೆ. ಅದರ ಹಿಂದಿನ ವರ್ಷ ಬಂದ ಅವರ ಪುಟ್ಟ ಪುಸ್ತಕವೂ ಪ್ರಶ್ನೆ ಉತ್ತರದ ರೂಪದಲ್ಲೇ ಇದೆ. ನಾನೂ ಇಲ್ಲಿ ಆ ದಾರಿಯನ್ನೇ ಹಿಡಿದಿದ್ದೇನೆ.

1905ರ ಮಾರ್ಚ್ 17, ನೂರು ತುಂಬಿದ ದಿನ, ಲಂಡನ್ನಿನಲ್ಲಿ ವೈದ್ಯರೂ ಸಂಗೀತದವರೂ ಒಂದೇ ಸಭೆಯಲ್ಲಿ ಸೇರಿದರು. ರಾಜ ಏಳನೇ ಎಡ್ವರ್ಡ್ ಅರಮನೆಗೆ ಕರೆದು ಗೌರವಿಸಿದ. ಜಾನ್ ಸಿಂಗರ್ ಸಾರ್ಜೆಂಟ್ ಬರೆದ ಅವರ ಭಾವಚಿತ್ರವನ್ನು ಉಡುಗೊರೆ ಕೊಟ್ಟರು.

ನಮ್ಮ ಸಂಗೀತ ಕಲಿಯುವವರಿಗೆ ಇದರಿಂದ ಏನು ಉಪಯೋಗ?

ಒಪೆರಾ ದನಿ ತೆಗೆಯುವುದು ಬೇಡ. ನಮ್ಮ ಗಮಕಕ್ಕೆ, ನಮ್ಮ ಸಾಹಿತ್ಯಕ್ಕೆ ಆ ದನಿ ಹೊಂದುವುದಿಲ್ಲ. ಗಂಟಲು ಮಾತ್ರ ಎಲ್ಲರದೂ ಒಂದೇ ಥರ. ನೆಗಡಿ ಇದ್ದಾಗ ಹಾಡಬೇಡಿ. ಶ್ರುತಿ ನಿಮಗೆ ಹೊಂದದಿದ್ದರೆ ಬದಲಿಸಿ, ಅದರಲ್ಲಿ ಅವಮಾನ ಏನೂ ಇಲ್ಲ. ಗಂಟಲು ಕಟ್ಟಿ ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಕಷಾಯ ನಂಬಿ ಕೂರದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ಸ್ಪರ್ಧೆಗೆ ಅಂತ ಜ್ವರದಲ್ಲೂ ಬಿಡದೆ ಅಭ್ಯಾಸ ಮಾಡಿದ್ದೆ. ಹಾಡು ಶುರುಮಾಡಿದರೆ ಮೇಲಿನ ಷಡ್ಜದಲ್ಲಿ ಬರೀ ಗಾಳಿ ಬಂತು. ಡಾಕ್ಟರು ಕನ್ನಡಿ ಹಿಡಿದು ನೋಡಿ, "ಹತ್ತು ದಿನ ಮೌನ. ಪಿಸುಮಾತೂ ಬೇಡ" ಅಂದರು. ಮನೆಯಲ್ಲಿ ಸ್ಲೇಟು ಹಿಡಿದುಕೊಂಡು ಓಡಾಡಿದೆ. ಹನ್ನೊಂದನೆಯ ದಿನ ಮಂದ್ರದಲ್ಲಿ ಒಂದು 'ಸಾ' ಹಿಡಿದೆ. ನಿಂತಿತು. ಆಗ ಕಣ್ಣಲ್ಲಿ ಬಂದ ನೀರು ಇನ್ನೂ ನೆನಪಿದೆ.

ಮಗನಿಗೆ ಹದಿಮೂರು. ಗಂಟಲು ಒಡೆಯುತ್ತಿದೆ. ಪಾಠ ಬಿಡಿಸಬೇಕಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಗಾರ್ಸಿಯಾ ಅವರ ಕಾಲದಲ್ಲೇ ಇದರ ಮೇಲೆ ದೊಡ್ಡ ಜಗಳ ನಡೆದಿತ್ತು. ಆಗ ಹಾಡಬಹುದು ಅನ್ನುವವರೂ ಇದ್ದರು. ಗಾರ್ಸಿಯಾ ಬೇಡ ಅನ್ನುವವರ ಕಡೆ. ಈಗಿನ ತಿಳಿದವರಲ್ಲಿ ಹೆಚ್ಚಿನವರು ಪೂರ್ತಿ ನಿಲ್ಲಿಸಬೇಕಿಲ್ಲ, ಆರಾಮವಾದ ಸ್ಥಾಯಿಯಲ್ಲಿ ಮೆಲ್ಲಗೆ ಹಾಡಬಹುದು ಅನ್ನುತ್ತಾರೆ. ನಾನೂ ಹಾಗೇ ಮಾಡುತ್ತೇನೆ. ಶ್ರುತಿ ಇಳಿಸುತ್ತೇನೆ. ಮೇಲಿನ ಸ್ವರ ಮುಟ್ಟಿಸುವುದಿಲ್ಲ. ಹತ್ತು ನಿಮಿಷ ಹಾಡಿಸಿ, ಉಳಿದ ಹೊತ್ತಿನಲ್ಲಿ ತಾಳ ಹಾಕಿಸುತ್ತೇನೆ, ರಾಗ ಕೇಳಿಸುತ್ತೇನೆ. ಸ್ಪರ್ಧೆ, ಶಾಲೆಯ ವಾರ್ಷಿಕೋತ್ಸವ, ಯಾವುದಕ್ಕೂ ಆ ವರ್ಷ ಕಳಿಸುವುದಿಲ್ಲ. ನೋವು ಅಂದ ದಿನ ಹಾಡೇ ಇಲ್ಲ.

ನಿಮ್ಮ ಮಗನನ್ನು ಕಳಿಸಿ. ಅವನು ಸುಮ್ಮನೆ ಕೂತು ಕೇಳಿದರೂ ಅದು ಪಾಠವೇ.